ಭಾರಕ್ಕೆ ತಕ್ಕ ಬಿಗಿ

ಅಂಗಿ ಹೊಲಿಸಬೇಕಾದರೆ ದರ್ಜಿಯ ಮುಂದೆ ನಿಂತು ಅಳತೆ ಕೊಡುತ್ತೇವೆ. ಚಪ್ಪಲಿ ಕೊಳ್ಳುವಾಗ ಹತ್ತು ಜೊತೆ ಮೆಟ್ಟಿ ನೋಡುತ್ತೇವೆ. ಆದರೆ ಲಕ್ಷ ರೂಪಾಯಿ ತೆತ್ತು ತಂದ ಮೋಟಾರ್ ಸೈಕಲ್ಲು ನಮ್ಮ ಮೈತೂಕಕ್ಕೆ ಒಪ್ಪುವುದೋ ಇಲ್ಲವೋ ಎಂದು ವಿಚಾರಿಸುವವರು ಎಷ್ಟು ಮಂದಿ? ನಾನಂತೂ ವಿಚಾರಿಸಿದವನಲ್ಲ. ಆ ಪಾಠ ನನಗಾದದ್ದು ಸೋದರಳಿಯನ ದೆಸೆಯಿಂದ.

ತಂಗಿಯ ಮನೆ ಇರುವುದು ಬೆಳ್ತಂಗಡಿಯ ಆಚೆ, ಗಡಾಯಿಕಲ್ಲು ಎದುರಿಗೆ ಕಾಣುವ ಕಡೆ. ಡಾಮರು ರಸ್ತೆಯಿಂದ ಅಂಗಳದವರೆಗೆ ಅರ್ಧ ಮೈಲಿ ಮುರಕಲ್ಲಿನ ಏರು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ದಾರಿಯಾಗಿ ಉಳಿದಿರುವುದಿಲ್ಲ, ತೋಡಾಗಿರುತ್ತದೆ. ಅಳಿಯ ಅಡಿಕೆ ತೋಟಗಳ ಪಂಪು ರಿಪೇರಿ ಮಾಡುವವನು. ಜೀಪು ಹೋಗದ ಕಡೆಗೂ ಅವನು ಹೋಗಬೇಕು. ಅದಕ್ಕೆಂದೇ, ಕಚ್ಚಾ ದಾರಿಗಾಗಿ ತಯಾರಾದ ಎತ್ತರದ ಬೈಕೊಂದನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡ. ಒಂದೇ ತಿಂಗಳಲ್ಲಿ ಎರಡು ಸಲ ಬಿದ್ದ. ಎರಡನೆಯ ಸಲ ಮೊಣಕೈಗೆ ಆರು ಹೊಲಿಗೆ.

“ಅಣ್ಣ, ಆ ಪಿಶಾಚಿಯನ್ನು ಮಾರಿಸಿಬಿಡು. ನಿನ್ನ ಮಾತನ್ನಾದರೂ ಕೇಳಿಯಾನು” ಎಂದು ತಂಗಿ ಫೋನಿನಲ್ಲಿ ಅತ್ತಳು.

ಮಾರಿಸುವುದೆಂದೇ ನಿಶ್ಚಯಿಸಿ ಬಂಟ್ವಾಳದಿಂದ ಹೊರಟೆ. ಬೆಲೆ ಎಷ್ಟು ಬಂದೀತೆಂದು ತಿಳಿಯಲು ಬಿ.ಸಿ. ರೋಡಿನಲ್ಲಿ ಪರಿಚಯದ ಮೆಕ್ಯಾನಿಕ್ಕನೊಬ್ಬನನ್ನು ಕಂಡೆ. ಅವನು ಬೆಲೆಯ ಮಾತೇ ಎತ್ತಲಿಲ್ಲ.

“ಸ್ವಾಮೀ, ಮೊದಲಿನ ಯಜಮಾನರ ತೂಕ ಎಷ್ಟು?”

ಫೋನು ಮಾಡಿ ಕೇಳಿದೆ. “ತೊಂಬತ್ತು ಕಿಲೋಗೆ ಮೋಸವಿಲ್ಲ, ಮಾವ” ಎಂದ ಅಳಿಯ. ಅವನೋ 54 ಕಿಲೋದ ಕಡ್ಡಿ! ಮೆಕ್ಯಾನಿಕ್ಕು ನಕ್ಕು, ಅರ್ಧ ಗಂಟೆ ಪಾಠ ಹೇಳಿ ಕಳುಹಿಸಿದ.

ಮೆಕ್ಯಾನಿಕ್ಕುಗಳ ಬಾಯಲ್ಲಿ ‘ಶಾಕಪ್’ ಎನಿಸಿಕೊಳ್ಳುವ ಅಂಗದಲ್ಲಿ ಇಬ್ಬರು ಕೆಲಸಗಾರರು. ಸ್ಪ್ರಿಂಗು ಭಾರ ಹೊರುತ್ತದೆ. ಒಳಗಿನ ಎಣ್ಣೆ ಅದರ ಕುಣಿತವನ್ನು ಅಡಗಿಸುತ್ತದೆ. ಭಾರ ಎರಡರಷ್ಟಾದರೆ ಸ್ಪ್ರಿಂಗು ಕುಗ್ಗುವುದೂ ಎರಡರಷ್ಟು ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದ್ದನು. ಸವಾರ ಕುಳಿತಾಗ ಬೈಕು ಸ್ವಲ್ಪ ತಗ್ಗಲೇಬೇಕು. ಹಾಗೆ ತಗ್ಗಿದ್ದರೆ ತಾನೇ, ಗುಂಡಿ ಬಂದಾಗ ಚಕ್ರ ಕೆಳಕ್ಕೆ ಚಾಚಿ ನೆಲವನ್ನು ಮುಟ್ಟುವುದು! ಬಿಗಿ ಹೆಚ್ಚಾದರೆ ಚಾಚಲು ಎಡೆಯಿಲ್ಲ. ಚಕ್ರ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕು ಹಾಕಿ ಫಲವೇನು? ಬಿಗಿ ಕಡಿಮೆಯಾದರೆ ಬೈಕು ಕುಸಿದು, ಪ್ರತಿ ಹೊಂಡದಲ್ಲಿಯೂ ತಳ ಬಡಿಯುತ್ತದೆ.

ಹಾಗಾದರೆ ಎಷ್ಟು ತಗ್ಗಬೇಕು? ಚಕ್ರ ಮೇಲೆ ಕೆಳಗೆ ಚಲಿಸಬಲ್ಲ ದೂರದಲ್ಲಿ ಸುಮಾರು ಮೂರನೆಯ ಒಂದು ಪಾಲು. ಪಂದ್ಯದ ಡರ್ಟ್ ಬೈಕುಗಳಲ್ಲಿ ಆ ದೂರ ಸುಮಾರು 300 ಮಿಲಿಮೀಟರು. ಆದುದರಿಂದ ಅವು 100ರ ಆಸುಪಾಸು ತಗ್ಗುವಂತೆ ಅಣಿಗೊಳಿಸುತ್ತಾರೆ. ಅಳಿಯನ ಬೈಕಿನಲ್ಲಿ 170. ಎಂದರೆ 55ರ ಹತ್ತಿರ ಬರಬೇಕು.

ಅಂಗಳದಲ್ಲಿ ಪರೀಕ್ಷೆ ನಡೆಯಿತು. ಎಂಜಿನ್ನಿನ ಅಡಿಗೆ ಹಲಸಿನ ದಿಮ್ಮಿ ಕೊಟ್ಟು, ಹಿಂದಿನ ಚಕ್ರ ನೆಲ ಬಿಟ್ಟು ತೂಗುವಂತೆ ಮಾಡಿದೆವು. ಚಕ್ರದ ಅಚ್ಚಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಸೀಮೆಸುಣ್ಣದ ಗುರುತು ಹಾಕಿ ಅಳೆದೆ. ಬಳಿಕ ದಿಮ್ಮಿ ತೆಗೆದು, ಹುಡುಗನನ್ನು ಹೆಲ್ಮೆಟ್ಟು, ಬೂಟು, ಹತ್ಯಾರದ ಚೀಲದ ಸಮೇತ ಕೂರಿಸಿ, ಕಾಲುಗಳನ್ನು ಮೇಲಿರಿಸಿ, ಎರಡು ಸಲ ಕುಲುಕಿಸಿ, ಮತ್ತೆ ಅಳೆದೆ. ಮುಂದೆ ಹ್ಯಾಂಡಲ್ ಹಿಡಿದು ನಿಂತವಳು ಯಾರೆಂದಿರಿ? ಮಾರಿಸಲು ಕರೆದಿದ್ದ ತಂಗಿಯೇ!

ವ್ಯತ್ಯಾಸ ಬರಿಯ 26! ಸ್ಪ್ರಿಂಗಿನ ತುದಿಯ ಹಲ್ಲುಬಳೆಯನ್ನು ಕೊಕ್ಕೆ ಸ್ಪಾನರಿನಿಂದ ಒಂದೊಂದೇ ಹಲ್ಲು ಸಡಿಲಿಸುತ್ತ, ಪ್ರತಿ ಸಲವೂ ಅಳೆಯುತ್ತ, ಕಡೆಗೆ 51ಕ್ಕೆ ತಂದೆವು. ಕಾಸಿನ ಖರ್ಚಿಲ್ಲ.

ಒಂದು ಎಚ್ಚರಿಕೆ. ಬಳೆ ಬಿಗಿದರೆ ಸ್ಪ್ರಿಂಗು ಗಟ್ಟಿಯಾಗುವುದೆಂದು ಹಲವರ ನಂಬಿಕೆ. ಹಾಗಲ್ಲ, ಬೈಕು ನಿಲ್ಲುವ ಎತ್ತರವಷ್ಟೇ ಬದಲಾಗುತ್ತದೆ. ಸವಾರನೊಂದಿಗೆ ಅಳತೆ ಸರಿಬಂದ ಮೇಲೆ, ಸವಾರನಿಲ್ಲದೆ ಬೈಕು ತಾನೇ ಎಷ್ಟು ತಗ್ಗುತ್ತದೆಂದು ನೋಡಬೇಕು. ಪಂದ್ಯದ ಬೈಕಿನಲ್ಲಾದರೆ ಅದು 30ರಿಂದ 40 ಮಿಲಿಮೀಟರು. ಸ್ವಲ್ಪವೂ ತಗ್ಗದಿದ್ದರೆ ಆ ಸವಾರನಿಗೆ ಸ್ಪ್ರಿಂಗೇ ಮೆದು. ಬಹಳ ತಗ್ಗಿದರೆ ಗಡಸು. ತಲೆಕೆಳಗಾಗಿ ತೋರಿದರೂ ನಿಜ. ಆಗ ಬಳೆ ತಿರುಗಿಸಿ ಪ್ರಯೋಜನವಿಲ್ಲ, ಸ್ಪ್ರಿಂಗನ್ನೇ ಬದಲಾಯಿಸಬೇಕು.

ಹಿಂದೆ ನಲವತ್ತು ಕಿಲೋ ಪಂಪು ಹೇರಿದ ದಿನ ಬಳೆಯನ್ನು ಮತ್ತೆ ಬಿಗಿಯಬೇಕು. ಇಲ್ಲವಾದರೆ ಹಿಂಭಾಗ ಕುಸಿದು, ದೀಪದ ಬೆಳಕು ದಾರಿ ಬಿಟ್ಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಪಂಪು ಇಳಿಸಿದ ಮೇಲೆ ಸಡಿಲಿಸಲು ಮರೆಯಬಾರದು. ಅಳಿಯನನ್ನು ಕೆಡವಿದ್ದು ಇನ್ನೊಬ್ಬರ ಭಾರಕ್ಕೆ ಬಿಗಿದ ಬಿಗಿಯೇ ತಾನೆ?

ಸಂಜೆ ಅಳಿಯ ಆ ಏರನ್ನು ಮೂರು ಸಲ ಹತ್ತಿ ಇಳಿದ. ಚಕ್ರ ನೆಲ ಬಿಡಲಿಲ್ಲ. ತಂಗಿ ಜಗಲಿಯಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡಿದಳು.

“ಶಾಕಪ್ ಸರಿಯಾಯಿತು. ಇವನ ಅವಸರಕ್ಕೆ ಯಾವ ಬಳೆ ತಿರುಗಿಸುತ್ತೀ, ಅಣ್ಣ?” ಎಂದಳು.

ಅದಕ್ಕೆ ನನ್ನಲ್ಲಿ ಸ್ಪಾನರು ಇರಲಿಲ್ಲ. ಮಳೆಯಲ್ಲಿ, ಕತ್ತಲಾದ ಮೇಲೆ, ಆ ದಾರಿಯಲ್ಲಿ ಬೈಕು ಹತ್ತುವುದಿಲ್ಲವೆಂದು ಅವನಿಂದ ಮಾತು ತೆಗೆದುಕೊಂಡೆ. ಬೈಕು ಮಾರಾಟವಾಗಲಿಲ್ಲ. ಅಳತೆಯ ಟೇಪು ಈಗ ಅವರ ಮನೆಯಲ್ಲಿ ಬೈಕಿನ ಬೀಗದ ಕೈಯ ಪಕ್ಕದಲ್ಲಿಯೇ ತೂಗುತ್ತಿದೆ, ತೂಗಹಾಕಿದವಳು ತಂಗಿ.