ಹಾರ ಹಾಕೋ ಮೊದಲು ಕಾರನ್ನ ಬಿಸಿಲಿಗೆ ತನ್ನಿ

ನಮ್ಮ ಮನೆ ಹಾಲ್‌ನಲ್ಲಿ ಒಂದು ಫೋಟೋ ಇದೆ. ಹೊಸ ಕಾರು, ಬಾನೆಟ್ ಮೇಲೆ ದೊಡ್ಡ ಕೆಂಪು ರಿಬ್ಬನ್. ಅಪ್ಪ ತಲೆಗೆ ಪೇಟ, ಕೊರಳಿಗೆ ಹಾರ ಹಾಕ್ಕೊಂಡು, ಕೈಯಲ್ಲಿ ಥರ್ಮಾಕೋಲಿನ ದೊಡ್ಡ ಕೀ ಹಿಡ್ಕೊಂಡು ನಗ್ತಿದ್ದಾರೆ. ಅಮ್ಮ ಪಕ್ಕದಲ್ಲಿದ್ದಾರೆ. ತಮ್ಮನ ಬಾಯಲ್ಲಿ ಕೇಕ್. ನಗದೇ ಇರೋದು ನಾನೊಬ್ಬಳೇ. ಫೋಟೋ ಅಂದ್ರೆ ನಾನು ಯಾವಾಗ್ಲೂ ಹಾಗೇ ಅಂತ ಮನೆಯವರು ಅಂದ್ಕೊಂಡಿದ್ದಾರೆ. ನಿಜವಾದ ಕಾರಣ ಬೇರೆ ಇದೆ. ಅದನ್ನ ಇಲ್ಲಿ ಮೊದಲ ಸಲ ಹೇಳ್ತಿದ್ದೀನಿ. (ಒತ್ತಕ್ಷರ ತಪ್ಪಿದ್ರೆ ಸಂಘದವರು ತಿದ್ದಿರ್ತಾರೆ ಅನ್ನೋ ಧೈರ್ಯದಲ್ಲಿ.)

ನಮ್ಮೂರು ಅರಸೀಕೆರೆ. ಅಪ್ಪನದು ಬಟ್ಟೆ ಅಂಗಡಿ. ಹೋದ ವರ್ಷ ಆಯುಧ ಪೂಜೆಗೆ ಎರಡು ದಿನ ಮೊದಲು ನಮ್ಮ ಮೊದಲನೇ ಕಾರು ಬಂತು. ಬೆಳ್ಳಿ ಬಣ್ಣದ್ದು. ಡೆಲಿವರಿ ಮಧ್ಯಾಹ್ನ ಮೂರಕ್ಕೆ ಅಂದಿದ್ರು, ಸಿಕ್ಕಿದ್ದು ಸಂಜೆ ಆರೂವರೆಗೆ. ಶೋರೂಮ್ ತುಂಬಾ ಜನ, ನಮ್ಮ ಹಿಂದೆ ಇನ್ನೂ ನಾಲ್ಕು ಮನೆಯವರು ಕಾಯ್ತಿದ್ರು. ಒಂದು ಕಡೆ ಹಾಡು, ಇನ್ನೊಂದು ಕಡೆ ಫೋಟೋಗ್ರಾಫರ್, ಮತ್ತೊಂದು ಕಡೆ "ಸಾರ್ ಇಲ್ಲೊಂದು ಸಹಿ, ಇಲ್ಲೊಂದು ಸಹಿ". ನಾನು ಸುಮ್ನೆ ಕಾರಿನ ಸುತ್ತ ಓಡಾಡ್ತಿದ್ದೆ. ಎಡಗಡೆ ಹಿಂದಿನ ಬಾಗಿಲ ಮೇಲೆ ಕೈ ಆಡಿಸಿದಾಗ ಸಣ್ಣ ರವೆ ಥರ ತರಿ ತರಿ ಅನ್ನಿಸ್ತು. ಬೇರೆ ಬಾಗಿಲು ಗಾಜಿನಷ್ಟು ನುಣುಪು. ಕಿಟಕಿಯ ರಬ್ಬರ್ ಅಂಚಲ್ಲಿ ಬೆಳ್ಳಿ ಬಣ್ಣದ ಧೂಳು ಕೂತಿತ್ತು. ಉಗುರಲ್ಲಿ ಕೆರೆದೆ, ಹೋಗಲಿಲ್ಲ.

ಅದು ಏನು ಅಂತ ಅವತ್ತು ನನಗೆ ಪೂರ್ತಿ ಗೊತ್ತಿರಲಿಲ್ಲ. ಏನೋ ಸರಿ ಇಲ್ಲ ಅನ್ನೋದು ಮಾತ್ರ ಗೊತ್ತಾಗಿತ್ತು. ತಿರುಗಿ ಅಪ್ಪನನ್ನ ನೋಡಿದೆ. ಆಗಷ್ಟೇ ಪೇಟ ಇಟ್ಟಿದ್ರು. ಅಪ್ಪ ಅಷ್ಟು ನಕ್ಕಿದ್ದನ್ನ ನಾನು ನೋಡೇ ಇರಲಿಲ್ಲ. ಸುಮ್ಮನಾದೆ.

ಜನವರಿಯಲ್ಲಿ ಒಂದು ದಿನ ಹಾಸ್ಟೆಲ್‌ಗೆ ಅಪ್ಪನ ಫೋನ್ ಬಂತು. "ಪುಟ್ಟಿ, ಆ ಹಿಂದಿನ ಬಾಗಿಲು ಬೇರೆ ಥಾನಿನ ಬಟ್ಟೆ ಥರ ಕಾಣ್ತಿದೆ ಕಣೇ" ಅಂದ್ರು. ಯಾರಿಗೋ ಸೀರೆ ತೋರಿಸೋಕೆ ಅಂಗಡಿ ಬಾಗಿಲಿಗೆ ಬಂದಿದ್ರಂತೆ. ಎದುರಿಗೇ ಕಾರು ನಿಂತಿತ್ತು, ಅದರ ಮೇಲೆ ಬೆಳಗಿನ ಬಿಸಿಲು. ಒಂದೇ ನೋಟಕ್ಕೆ ಗೊತ್ತಾಗಿದೆ.

ಆಮೇಲಿನ ಕಥೆ ನೀವೇ ಊಹಿಸಬಹುದು. ಪರಿಚಯದ ಗ್ಯಾರೇಜಿನವರು ಪೇಂಟ್ ಎಷ್ಟು ದಪ್ಪ ಇದೆ ಅಂತ ಮೀಟರ್ ಇಟ್ಟು ನೋಡಿದ್ರು. ಬೇರೆ ಬಾಗಿಲುಗಳಲ್ಲಿ 110, 115. ಆ ಬಾಗಿಲಲ್ಲಿ 240 ದಾಟಿತ್ತು. ಶೋರೂಮ್‌ಗೆ ಹೋದ್ರೆ ಅಪ್ಪನೇ ಸಹಿ ಮಾಡಿದ್ದ ಡೆಲಿವರಿ ನೋಟ್ ತೆಗೆದು ತೋರಿಸಿದ್ರು. ಗಾಡಿ ಒಳ್ಳೆ ಸ್ಥಿತಿಯಲ್ಲಿ ಸಿಕ್ಕಿದೆ ಅಂತ ಅದರಲ್ಲಿ ಬರೆದಿತ್ತು. "ನಾಲ್ಕು ತಿಂಗಳಾಯ್ತಲ್ಲ ಸಾರ್, ಎಲ್ಲಾದ್ರೂ ತಾಗಿರಬಹುದು" ಅಂದ್ರು. ಅಪ್ಪ ಏನೂ ಮಾತಾಡದೆ ವಾಪಸ್ ಬಂದ್ರು.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಹೊಸ ಕಾರನ್ನ ಡೆಲಿವರಿ ದಿನ ಪರೀಕ್ಷೆ ಮಾಡಬೇಕು ಅಂತ ಎಲ್ರೂ ಹೇಳ್ತಾರೆ. ನನ್ನ ಪ್ರಕಾರ ಡೆಲಿವರಿ ದಿನ ತುಂಬಾ ತಡ. ಆ ದಿನ ಇರೋದು ಸಂತೋಷ ಪಡೋಕೆ. ಸಂತೋಷದ ಮಧ್ಯೆ ತಪ್ಪು ಹುಡುಕೋಕೆ ಯಾರಿಗೂ ಮನಸ್ಸು ಬರಲ್ಲ, ಬಾಯಿಯಂತೂ ಬರೋದೇ ಇಲ್ಲ. ಪರೀಕ್ಷೆ ಆಗಬೇಕಾಗಿರೋದು ಅದಕ್ಕಿಂತ ಮೊದಲು, ಯಾರ್ಡ್‌ನಲ್ಲಿ, ಹಗಲು ಬೆಳಕಲ್ಲಿ, ಕಾರು ನಮ್ಮ ಹೆಸರಿಗೆ ರಿಜಿಸ್ಟರ್ ಆಗೋ ಮುಂಚೆ.

ರಿಜಿಸ್ಟ್ರೇಷನ್ ಮುಂಚೆ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಅಲ್ಲಿವರೆಗೆ ಅದು ಶೋರೂಮಿನ ಕಾರು. ಬಾಗಿಲು ಸರಿ ಇಲ್ಲ ಅಂದ್ರೆ "ಬೇರೆ ಕಾರು ಕೊಡಿ" ಅನ್ನಬಹುದು. ಅವರು ಇನ್ನೊಂದು ಚಾಸಿ ನಂಬರ್ ಅಲಾಟ್ ಮಾಡಬಹುದು. ಒಮ್ಮೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ಇನ್ಶೂರೆನ್ಸ್ ಆಗಿ, ನಂಬರ್ ಬಂತು ಅಂದ್ರೆ ಕಾರು ಬದಲಾಯಿಸೋ ಮಾತು ಹೆಚ್ಚುಕಡಿಮೆ ಮುಗೀತು. ಆಮೇಲೆ ಸಿಗೋದು "ಪಾಲಿಶ್ ಮಾಡಿ ಕೊಡ್ತೀವಿ ಸಾರ್" ಮಾತ್ರ.

ಹೊಸ ಕಾರಿಗೆ ಯಾಕೆ ಮತ್ತೆ ಪೇಂಟ್ ಬೀಳತ್ತೆ? ಫ್ಯಾಕ್ಟರಿಯಿಂದ ಕಾರು ಟ್ರಕ್‌ನಲ್ಲಿ ನೂರಾರು ಕಿಲೋಮೀಟರ್ ಬರತ್ತೆ. ಹತ್ತಿಸುವಾಗ, ಇಳಿಸುವಾಗ, ಯಾರ್ಡ್‌ನಲ್ಲಿ ಒತ್ತೊತ್ತಾಗಿ ನಿಲ್ಲಿಸುವಾಗ ಎಲ್ಲೋ ಒಂದು ಗೀರು ಬೀಳತ್ತೆ. ವಾರಗಟ್ಟಲೆ ಬಯಲಲ್ಲಿ ನಿಂತ್ರೆ ಹಕ್ಕಿ ಹಿಕ್ಕೆಯೂ ಕ್ಲಿಯರ್ ಕೋಟನ್ನ ತಿಂದು ಕಲೆ ಮಾಡತ್ತೆ. ಇದರಲ್ಲಿ ಯಾರ ಮೋಸವೂ ಇಲ್ಲ. ರಿಪೇರಿ ಮಾಡೋದೂ ತಪ್ಪಲ್ಲ. ಹೇಳದೇ ಕೊಡೋದು ತಪ್ಪು.

"ರಿಪೇರಿ ಮಾಡಿದ್ರೆ ಮುಗೀತಲ್ಲ, ಪೇಂಟ್ ತಾನೇ?" ಅಂತ ನನ್ನ ರೂಮ್‌ಮೇಟ್ ಕೇಳಿದ್ಲು. ಕಾರಿನ ಬಣ್ಣ ಒಂದು ಪದರ ಅಲ್ಲ. ಫ್ಯಾಕ್ಟರಿಯಲ್ಲಿ ಬರೀ ಬಾಡಿಯನ್ನ ತೊಳೆದು, ಫಾಸ್ಫೇಟ್ ಟ್ರೀಟ್‌ಮೆಂಟ್ ಕೊಟ್ಟು, ಪೂರ್ತಿ ಬಾಡಿಯನ್ನೇ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸ್ತಾರೆ. ಅದು ತುಕ್ಕು ತಡೆಯೋ ಎಲೆಕ್ಟ್ರೋಕೋಟ್. ಸಾಮಾನ್ಯವಾಗಿ ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಕ್ಲಿಯರ್ ಕೋಟ್. ಇಷ್ಟೆಲ್ಲ ಸೇರಿ ಸುಮಾರು 100ರಿಂದ 130 ಮೈಕ್ರಾನ್. ಎರಡು ತಲೆಗೂದಲಿನ ದಪ್ಪವೂ ಇಲ್ಲ! ಕ್ಲಿಯರ್ ಕೋಟನ್ನ ಸುಮಾರು 140 ಡಿಗ್ರಿ ಓವನ್‌ನಲ್ಲಿ ಬೇಯಿಸ್ತಾರೆ. ಕಾರು ಪೂರ್ತಿ ಜೋಡಿಸಿದ ಮೇಲೆ ಅಷ್ಟು ಬಿಸಿ ಕೊಟ್ರೆ ವೈರು, ಪ್ಲಾಸ್ಟಿಕ್ಕು ಉಳಿಯಲ್ಲ. ಅದಕ್ಕೇ ಹೊರಗೆ ಹೊಡೆಯೋ ಪೇಂಟಿಗೆ ಹಾರ್ಡನರ್ ಬೆರೆಸಿ 60-80 ಡಿಗ್ರಿಯಲ್ಲಿ ಒಣಗಿಸ್ತಾರೆ. ಚೆನ್ನಾಗಿ ಮಾಡಿದ್ರೆ ಅದೂ ಬಾಳಿಕೆ ಬರತ್ತೆ. ಹಬ್ಬದ ಡೆಲಿವರಿಗೆ ಅಂತ ಅವಸರದಲ್ಲಿ ಮಾಡಿದ್ರೆ ಕೆಲವೇ ವರ್ಷಕ್ಕೆ ಮಬ್ಬಾಗತ್ತೆ, ಸಿಪ್ಪೆ ಏಳತ್ತೆ.

ಇನ್ನೊಂದು ಕಷ್ಟ ಮುಂದೆ ಕಾರು ಮಾರುವಾಗ ಬರತ್ತೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರು ಮೊದಲು ಇಡೋದೇ ಆ ಮೀಟರ್. 240 ಕಂಡ ತಕ್ಷಣ "ಆಕ್ಸಿಡೆಂಟ್ ಗಾಡಿ" ಅಂತಾರೆ. ಹೊಸ್ತಿಲು ದಾಟಿಸುವಾಗಲೂ ಹುಷಾರಾಗಿ ಓಡಿಸೋ ಅಪ್ಪ, ತಾನು ಯಾರಿಗೂ ಗುದ್ದಿಲ್ಲ ಅಂತ ಅಪರಿಚಿತರ ಎದುರು ಆಣೆ ಮಾಡಬೇಕಾಗತ್ತೆ. ನನಗೆ ಅತಿ ಹೆಚ್ಚು ಸಿಟ್ಟು ಬರೋದು ಇದಕ್ಕೇ.

ಅಪ್ಪನ ಫೋನ್ ಬಂದ ರಾತ್ರಿ ನೆಟ್‌ನಲ್ಲಿ ಹುಡುಕ್ತಾ ಕೂತಾಗ ಅಮೆರಿಕದ ಒಂದು ಕೇಸ್ ಸಿಕ್ತು, ಹೆಸರು ಬಿಎಂಡಬ್ಲ್ಯೂ ವರ್ಸಸ್ ಗೋರ್. 1990ರಲ್ಲಿ ಅಲಬಾಮಾದ ಒಬ್ಬ ಡಾಕ್ಟರ್ 40,750 ಡಾಲರ್ ಕೊಟ್ಟು ಹೊಸ ಕಾರು ಕೊಂಡ್ರು. ಒಂಬತ್ತು ತಿಂಗಳು ಓಡಿಸಿದ್ರೂ ಅವರಿಗೆ ಏನೂ ಗೊತ್ತಾಗಲಿಲ್ಲ. ಕಾರಿಗೆ ಇನ್ನಷ್ಟು ಹೊಳಪು ಬರಲಿ ಅಂತ ಪಾಲಿಶ್ ಅಂಗಡಿಗೆ ಕೊಟ್ಟಾಗ ಅಲ್ಲಿಯವರು ಹೇಳಿದ್ರು, ಇದಕ್ಕೆ ಮತ್ತೆ ಪೇಂಟ್ ಹೊಡೆದಿದ್ದಾರೆ ಅಂತ. ಜರ್ಮನಿಯಿಂದ ಬರೋ ದಾರಿಯಲ್ಲಿ ಆಸಿಡ್ ಮಳೆಗೆ ಬಣ್ಣ ಹಾಳಾಗಿತ್ತಂತೆ. ರಿಪೇರಿಗೆ ಆಗಿದ್ದು 601 ಡಾಲರ್. ರಿಪೇರಿ ಖರ್ಚು ಕಾರಿನ ಬೆಲೆಯ 3%ಗಿಂತ ಕಡಿಮೆ ಇದ್ರೆ ಡೀಲರ್‌ಗೂ ಹೇಳಬೇಕಾಗಿಲ್ಲ ಅನ್ನೋದು ಕಂಪನಿಯ ನಿಯಮವಾಗಿತ್ತು. ಜ್ಯೂರಿ ನಷ್ಟಕ್ಕೆ 4,000 ಡಾಲರ್, ಮುಚ್ಚಿಟ್ಟಿದ್ದಕ್ಕೆ ದಂಡವಾಗಿ 40 ಲಕ್ಷ ಡಾಲರ್ ಅಂತು. ಅಲಬಾಮಾದ ಸುಪ್ರೀಂ ಕೋರ್ಟ್ ದಂಡವನ್ನ ಅರ್ಧ ಮಾಡಿತು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದೂ ವಿಪರೀತ ಆಯ್ತು ಅಂತ ಹೇಳಿ, ಕೊನೆಗೆ ದಂಡ 50,000 ಡಾಲರ್‌ಗೆ ಇಳೀತು.

ಲಾ ಓದೋರು ಈ ಕೇಸನ್ನ ದಂಡದ ಮಿತಿಗೋಸ್ಕರ ಓದ್ತಾರೆ. ನನಗೆ ತಲೆಯಲ್ಲಿ ಉಳಿದಿದ್ದು ಆ 3%. ಎಷ್ಟು ದೊಡ್ಡ ದೋಷ ಆದ್ರೆ ಹೇಳಬೇಕು ಅನ್ನೋದನ್ನ ಮಾರೋರು ಅವರ ಪಾಡಿಗೆ ಅವರೇ ನಿರ್ಧಾರ ಮಾಡಿರ್ತಾರೆ. ಕೊಳ್ಳೋರನ್ನ ಯಾರೂ ಕೇಳಿರಲ್ಲ. ಹಾಗಾಗಿ ನೋಡೋ ಕೆಲಸ ನಮ್ಮ ಮೇಲೇ ಬೀಳತ್ತೆ.

ನೋಡೋದು ಕಷ್ಟವೂ ಅಲ್ಲ. ನಾನು ಕಲಿತದ್ದು ಇಷ್ಟು:

ಹಗಲು ಹೊತ್ತಲ್ಲಿ ಹೋಗಿ. ಶೋರೂಮ್ ದೀಪದ ಕೆಳಗೆ ಎಲ್ಲವೂ ಹೊಳೆಯತ್ತೆ. ಕಾರು ತೊಳೆದು ಒಣಗಿರಲಿ. ಒದ್ದೆ ಇದ್ರೆ ನೀರು ಸಣ್ಣ ಗೀರನ್ನೆಲ್ಲ ಮುಚ್ಚಿಬಿಡತ್ತೆ.

ಎದುರು ನಿಂತು ನೋಡಬೇಡಿ. ಪಕ್ಕಕ್ಕೆ ಬಂದು, ಬಗ್ಗಿ, ಓರೆಯಾಗಿ ನೋಡಿ. ಕರೆಂಟ್ ಕಂಬವೋ, ಕಟ್ಟಡದ ಅಂಚೋ ಕಾರಿನ ಮೈಯಲ್ಲಿ ಹೇಗೆ ಕಾಣತ್ತೆ ಅಂತ ಗಮನಿಸಿ. ಒಂದು ಪ್ಯಾನೆಲ್‌ನಲ್ಲಿ ಮಾತ್ರ ಆ ಗೆರೆ ಡೊಂಕಾದ್ರೆ, ಕಿತ್ತಳೆ ಸಿಪ್ಪೆ ಥರ ಕಂಡ್ರೆ, ಅಲ್ಲಿ ನಿಲ್ಲಿ.

ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಮೆಲ್ಲಗೆ ಸವರಿ. ಬರಿಗೈಗಿಂತ ತರಿ ಚೆನ್ನಾಗಿ ಗೊತ್ತಾಗತ್ತೆ.

ರಬ್ಬರ್ ಬೀಡಿಂಗ್, ಬಾಗಿಲಿನ ಒಳ ಅಂಚು, ಪೆಟ್ರೋಲ್ ಮುಚ್ಚಳದ ಒಳಗೆ, ಬಾನೆಟ್ ಕೆಳಗಿನ ಬೋಲ್ಟುಗಳು, ಎಲ್ಲಾ ನೋಡಿ. ರಬ್ಬರ್ ಮೇಲೆ ಪೇಂಟ್ ಧೂಳು ಕೂತಿದ್ರೆ, ಬೋಲ್ಟಿನ ಬಣ್ಣ ಎದ್ದಿದ್ರೆ, ಅಲ್ಲಿ ಯಾರೋ ಕೆಲಸ ಮಾಡಿದ್ದಾರೆ ಅಂತ ಅರ್ಥ.

ಮೆಟಾಲಿಕ್ ಬಣ್ಣ ಆದ್ರೆ ಎರಡು ಮೂರು ಕೋನದಿಂದ ನೋಡಿ. ಅದರಲ್ಲಿರೋ ಅಲ್ಯೂಮಿನಿಯಂ ಚೂರುಗಳು ಫ್ಯಾಕ್ಟರಿ ಮಷಿನ್‌ನಲ್ಲಿ ಕೂರೋ ಥರ ಕೈಗನ್‌ನಲ್ಲಿ ಕೂರಲ್ಲ. ಆದ್ರೆ ಬಂಪರ್ ಬಣ್ಣ ಸ್ವಲ್ಪ ಬೇರೆ ಕಂಡ್ರೆ ಗಾಬರಿ ಬೇಡ. ಅದು ಪ್ಲಾಸ್ಟಿಕ್, ಅದಕ್ಕೆ ಬೇರೆಯಾಗಿಯೇ ಬಣ್ಣ ಹಾಕಿರ್ತಾರೆ.

ಮೀಟರ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಸ್ಟೀಲ್ ಮೇಲೆ ಮ್ಯಾಗ್ನೆಟಿಕ್ ಇಂಡಕ್ಷನ್, ಅಲ್ಯೂಮಿನಿಯಂ ಮೇಲೆ ಎಡ್ಡಿ ಕರೆಂಟ್. ನಾವು ಫಸ್ಟ್ ಇಯರ್‌ನಲ್ಲಿ ಬಾಯಿಪಾಠ ಮಾಡಿದ ಫ್ಯಾರಡೇನೇ. ಒಂದು ನಂಬರ್ ನೋಡಿ ತೀರ್ಮಾನ ಮಾಡಬೇಡಿ, ಒಂದು ಪ್ಯಾನೆಲ್ಲನ್ನ ಇನ್ನೊಂದಕ್ಕೆ ಹೋಲಿಸಿ. ಪ್ಲಾಸ್ಟಿಕ್ ಬಂಪರ್ ಮೇಲೆ ಇದು ಕೆಲಸ ಮಾಡಲ್ಲ.

ಕೊನೆಗೆ ಚಾಸಿ ನಂಬರ್ ಫೋಟೋ ತೆಗೀರಿ. ಡೆಲಿವರಿ ದಿನ ಅದೇ ಕಾರು ಬಂದಿದೆಯಾ ಅಂತ ನೋಡಿ. ಏನಾದ್ರೂ ಕಂಡ್ರೆ ಸಹಿ ಮಾಡೋ ಮೊದಲು ಡೆಲಿವರಿ ನೋಟ್ ಮೇಲೇ ಬರೀರಿ. ಬಾಯಿಮಾತು ನಾಲ್ಕು ತಿಂಗಳು ಬಾಳಲ್ಲ.

ಸಹಿ ಆಗಿಹೋಗಿದ್ರೆ ಎಲ್ಲಾ ಮುಗೀತು ಅಂತಲೂ ಅಲ್ಲ. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಗ್ರಾಹಕ ಆಯೋಗಕ್ಕೆ ಹೋಗೋಕೆ ಎರಡು ವರ್ಷ ಸಮಯ ಇದೆ. ಆದ್ರೆ ದೋಷ ಮೊದಲೇ ಇತ್ತು ಅಂತ ತೋರಿಸೋ ಭಾರ ನಮ್ಮದು. ಯಾರ್ಡ್‌ನಲ್ಲಿ ಅರ್ಧ ಗಂಟೆ ಕಳೆಯೋದೇ ಸುಲಭ.

"ನಮ್ಮ ರೋಡಲ್ಲಿ ವಾರಕ್ಕೊಂದು ಗೀರು ಬಿದ್ದೇ ಬೀಳತ್ತೆ, ಇಷ್ಟೆಲ್ಲ ಯಾಕೆ?" ಅಂತ ಕೇಳೋರಿದ್ದಾರೆ. ನಾನು ಮಾಡಿದ ಗೀರು ನನ್ನದು, ಅದಕ್ಕೆ ನಾನು ಅಳಲ್ಲ. ಬೇರೆಯವರು ಮಾಡಿದ ಗೀರಿಗೆ ಹೊಸದರ ಬೆಲೆ ಕೊಡಲ್ಲ, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ರೂ ನಮ್ಮನ್ನ ತಡೆಯೋದು ನಾಚಿಕೆ. ಅನುಮಾನ ಪಡ್ತಿದ್ದಾರೆ ಅಂದ್ಕೋತಾರೇನೋ, ಆ ಸೇಲ್ಸ್ ಹುಡುಗನಿಗೆ ಬೇಜಾರಾಗತ್ತೇನೋ ಅಂತ. ಆದ್ರೆ ಅಮ್ಮ ಸಂತೆಯಲ್ಲಿ ತೆಂಗಿನಕಾಯಿ ಕುಟ್ಟಿ ನೋಡ್ತಾರೆ, ಮಾರೋನು ಬೇಜಾರು ಮಾಡ್ಕೊಳ್ಳಲ್ಲ. ಅಪ್ಪನ ಅಂಗಡಿಗೆ ಬರೋ ಪ್ರತಿಯೊಬ್ಬರೂ ಸೀರೆಯನ್ನ ಬಾಗಿಲಿಗೆ ತಂದು ಬಿಸಿಲಲ್ಲಿ ಬಿಡಿಸಿ ನೋಡ್ತಾರೆ. ಟ್ಯೂಬ್‌ಲೈಟ್ ಕೆಳಗೆ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು ಅಂತ ಅಪ್ಪನೇ ಅವರಿಗೆ ಹೇಳ್ತಾರೆ, ಅಪ್ಪನೇ ಎತ್ಕೊಂಡು ಬಂದು ತೋರಿಸ್ತಾರೆ. ಎರಡು ಸಾವಿರದ ಸೀರೆಗೆ ಇರೋ ಈ ಮರ್ಯಾದೆ ಎಂಟು ಲಕ್ಷದ ಕಾರಿಗೆ ಯಾಕಿಲ್ಲ? ನಾವಂತೂ ಕ್ವಾಲಿಟಿ ಕಂಟ್ರೋಲ್ ಬಗ್ಗೆ ಹತ್ತು ಮಾರ್ಕ್ಸಿಗೆ ಉತ್ತರ ಬರೀತೀವಿ, ಲ್ಯಾಬಲ್ಲಿ ಮೈಕ್ರೋಮೀಟರ್ ಹಿಡೀತೀವಿ. ಮನೆಯವರ ಪಕ್ಕ ನಿಂತಾಗ ಮಾತ್ರ ಬಾಯಿ ಕಟ್ಟತ್ತೆ.

ನನ್ನ ಬಾಯೂ ಕಟ್ಟಿತ್ತು. ಆ ಸಂಜೆಯೇ ನೋಡಿದ್ದೆ ಅಂತ ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ಇದು ಪ್ರಕಟ ಆದ್ಮೇಲೆ ಲಿಂಕ್ ಕಳಿಸ್ತೀನಿ. ಬೈದ್ರೆ ಬೈಲಿ.

ಮುಂದಿನ ತಿಂಗಳು ಚಿಕ್ಕಪ್ಪ ಕಾರು ತಗೋತಿದ್ದಾರೆ. ಯಾರ್ಡ್‌ಗೆ ನಾನು ಬರ್ತೀನಿ ಅಂದಿದ್ದೀನಿ. ಕವರು, ಟಾರ್ಚು, ಮೀಟರು ನನ್ನ ಕೈಯಲ್ಲಿರತ್ತೆ. ಬಣ್ಣ ನೋಡೋಕೆ ಮಾತ್ರ ಅಪ್ಪನನ್ನೇ ಕರ್ಕೊಂಡು ಹೋಗ್ತೀನಿ.