ಚೆಂಡಿಗೆ 49 ಲಕ್ಷ, ಪೈಲ್ವಾನನಿಗೆ ತೆಂಗಿನಕಾಯಿ

ನಮ್ಮ ಕನ್ನಡ ವಾರ್ತಾವಾಹಿನಿಗಳ ಹಾಗೂ ಪತ್ರಿಕೆಗಳ ಕ್ರೀಡಾ ವರದಿಗಾರಿಕೆಯು ಅತ್ಯುತ್ಕೃಷ್ಟ ಮಟ್ಟವನ್ನು ಮುಟ್ಟಿದೆಯೆಂದು ವೇದಿಕೆಯಿಂದ ವೇದಿಕೆಗೆ ಹತ್ತಿಳಿಯುತ್ತ ಒಬ್ಬರ ಬೆನ್ನನ್ನೊಬ್ಬರು ತಟ್ಟಿಕೊಳ್ಳುತ್ತಿರುವ ಮಹನೀಯರನ್ನು, ಬೆಂಗಳೂರಿಗೆ ಸುಮಾರು 700 ಕಿಲೋಮೀಟರು ದೂರದ ಈ ಬೀದರದಲ್ಲಿ ಕುಳಿತು ನಾನು ಕೇಳಬೇಕೆಂದಿರುವುದು ಇಷ್ಟೆ: ಅಯ್ಯಾ, ಯಾವ ಕ್ರೀಡೆ?

ಉತ್ತರವನ್ನು ಅವರು ಕೊಡುವುದಿಲ್ಲ, ಅಂಕಿಗಳು ಕೊಡುತ್ತವೆ. ಐ.ಪಿ.ಎಲ್. ಪಂದ್ಯಗಳ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗಳಿಗೆ ವಿಕ್ರಯವಾಯಿತು. ಪಂದ್ಯಗಳು 410. ಭಾಗಿಸಿದರೆ ಪಂದ್ಯವೊಂದಕ್ಕೆ 118 ಕೋಟಿ. ಪಂದ್ಯಕ್ಕೆ 240 ಚೆಂಡುಗಳೆಂದು ಹಿಡಿದರೆ ಚೆಂಡೊಂದಕ್ಕೆ ಸುಮಾರು 49 ಲಕ್ಷ. ಇಷ್ಟು ಹಣ ತೆತ್ತವನು ತನ್ನ ಸರಕಿನ ಡಂಗುರವನ್ನು ತಾನು ಸಾರಿಕೊಂಡರೆ ಅದು ಅವನ ವ್ಯಾಪಾರ, ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಬಿಡಿಗಾಸಿನ ಪಾಲೂ ಇಲ್ಲದ ನಮ್ಮ ವಾರ್ತಾವಾಹಿನಿಗಳು ಆ ಡಂಗುರಕ್ಕೆ ಪುಕ್ಕಟೆ ಕೋಲು ಹಿಡಿದು ಹಗಲಿರುಳು ಬಾರಿಸಿದುದನ್ನು ವರದಿಗಾರಿಕೆಯೆಂದು ಕರೆಯುವುದಾದರೆ, ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಶೇಂಗಾ ಮಾರುವ ಹುಡುಗನಿಗೂ ಪತ್ರಕರ್ತನ ಗುರುತುಚೀಟಿ ಕೊಡತಕ್ಕದ್ದೇ ನ್ಯಾಯ. ಅವನಾದರೂ ತನ್ನ ಸ್ವಂತ ಸರಕನ್ನು ಕೂಗುತ್ತಾನೆ.

ಈ ಉತ್ಕೃಷ್ಟತೆಯ ಪರಾಕಾಷ್ಠೆಯನ್ನು ನಾವು 2025ರ ಜೂನ್ 4ರಂದು ಕಂಡೆವು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಐ.ಪಿ.ಎಲ್. ಅಂತಿಮ ಪಂದ್ಯವನ್ನು ಬೆಂಗಳೂರಿನ ತಂಡವು 6 ಓಟಗಳಿಂದ ಗೆದ್ದುದೇ ತಡ, ಮೆರವಣಿಗೆ ಉಂಟೋ ಇಲ್ಲವೋ, ವಿಮಾನ ಇಳಿಯಿತೋ ಇಲ್ಲವೋ, ಬಸ್ಸಿನ ಬಣ್ಣವೇನೋ ಎಂದು ವಾಹಿನಿಗಳವರು ದಿನವಿಡೀ ಕಿರಿಚಿ ಕಿರಿಚಿ ಊರನ್ನೇ ಬೀದಿಗೆ ತಂದರು. ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವಗಳು ಕಾಲ್ತುಳಿತದಲ್ಲಿ ಅಳಿದವು. ಒಳಗೆ ಉತ್ಸವ ನಡೆದೇ ಇತ್ತು. ಆ ರಾತ್ರಿ ಅವೇ ಕಂಠಗಳು ಅದೇ ಏರುದನಿಯಲ್ಲಿ, ಜನರನ್ನು ಇಷ್ಟು ಸಂಖ್ಯೆಯಲ್ಲಿ ಸೇರಿಸಿದವರಾರೆಂದು ಸರಕಾರವನ್ನು ಕೇಳಿದವು!

ಅದೇ ವರ್ಷದ ಜನವರಿಯ ಮಾತನ್ನೂ ಹೇಳಿಬಿಡುತ್ತೇನೆ. 16ರಂದು ನಮ್ಮ ಬೀದರ ನಗರದ ನಡುಬೀದಿಯಲ್ಲಿ, ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಗುಂಡು ಹಾರಿಸಿ ದರೋಡೆಕೋರರು ಪೆಟ್ಟಿಗೆಯೊಡನೆ ಪರಾರಿಯಾದರು. ಆಗ ನೋಡಬೇಕಿತ್ತು ಕ್ಯಾಮೆರಾಗಳ ವೈಭವವನ್ನು! ಬೀದರವೆಂಬುದೊಂದು ಊರು ಕರ್ನಾಟಕದಲ್ಲಿದೆಯೆಂಬುದು ಆ ಗುಂಡಿನ ಸದ್ದಿನಿಂದ ಅವರಿಗೆ ಅರಿವಾಯಿತು. ನಮ್ಮ ಸೀಮೆಗೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ನಾಮಕರಣ ಮಾಡಿದರು; ಆದರೆ ಹೆಣ ಬಿದ್ದಾಗ, ಬೆಳೆ ಒಣಗಿದಾಗ, ಹಳ್ಳ ಉಕ್ಕಿದಾಗ ಹೊರತು ಆ ಹೆಸರು ಪರದೆಯ ಮೇಲೆ ಬಂದುದನ್ನು ನಾನು ಕಂಡಿಲ್ಲ. ಹೈದರಾಬಾದು ನಮಗೆ ಬೆಂಗಳೂರಿಗಿಂತ ಎಷ್ಟೋ ಪಾಲು ಹತ್ತಿರವೆಂಬುದು ಭೂಗೋಳದ ಸಂಗತಿಯೆಂದು ತಿಳಿದಿದ್ದೆ. ವಯಸ್ಸಾದಂತೆ ಅನುಮಾನ ಬರುತ್ತಿದೆ.

ಇರಲಿ. ಆ ದರೋಡೆಯಾಗಿ ಮೂರು ದಿನಕ್ಕೆ, 19ರಂದು, ದೆಹಲಿಯಲ್ಲಿ ಖೋಖೋ ಆಟದ ಪ್ರಥಮ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಮಣಿಸಿ ಗೆದ್ದರು. ಗೆದ್ದವರಲ್ಲಿ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು, ನಮ್ಮವರೇ ಆದ ಎಂ.ಕೆ. ಗೌತಮ್ ಇದ್ದರು. ಖೋಖೋ ಎಂದರೆ ಭಾಲ್ಕಿಯ, ಔರಾದದ ಶಾಲೆಯ ಬಯಲಿನಲ್ಲಿ ಎರಡು ಕಂಬ ನೆಟ್ಟು, ಬರಿಗಾಲಿನಲ್ಲಿ, ಮೊಣಕಾಲ ಸಿಪ್ಪೆ ಸುಲಿಸಿಕೊಂಡು ನಾವೆಲ್ಲರೂ ಆಡಿದ ಆಟ. ಯಾವ ವಾಹಿನಿ ಅಂದು ರಾತ್ರಿಯಿಡೀ ಎಚ್ಚರವಾಗಿತ್ತು? ನಮ್ಮ ರಾಜ್ಯ ಸರಕಾರವು ಅವರಿಬ್ಬರಿಗೆ ತಲಾ 5 ಲಕ್ಷ ಘೋಷಿಸಿತು. ಔರಾದದ ಗಡಿ ದಾಟಿದರೆ ಸಿಗುವ ಮಹಾರಾಷ್ಟ್ರವು ತನ್ನ ಆಟಗಾರರಿಗೆ ತಲಾ 2.25 ಕೋಟಿ ಕೊಟ್ಟಿತ್ತು. ನಮ್ಮ ಇಬ್ಬರೂ ಆ 5 ಲಕ್ಷವನ್ನು ಬೇಡವೆಂದರು. ಕ್ರಿಕೆಟ್ಟಿನ ಲೆಕ್ಕದಲ್ಲಿ ಅದು ಒಂದು ಚೆಂಡಿನ ಹತ್ತನೆಯ ಒಂದು ಪಾಲು! ಜಗಜ್ಜೇತರಾದವರ ಬೆಲೆ ಚೆಂಡಿನ ಹತ್ತನೆಯ ಒಂದು ಪಾಲೆಂದು ಸರಕಾರಕ್ಕೆ ಕಲಿಸಿದವರು ಯಾರು? ದಿನಬೆಳಗಾದರೆ ಒಂದೇ ಆಟವನ್ನು ಆಟವೆಂದು ಉರುಹಚ್ಚಿಸಿದ ಈ ಉತ್ಕೃಷ್ಟರೇ.

ಜನರಿಗೆ ಬೇಕಾದುದನ್ನೇ ಕೊಡುತ್ತೇವೆಂಬುದು ಇವರ ಶಾಶ್ವತವಾದ ಪಲ್ಲವಿ. ಜನರಿಗೆ ಬೇಕಾದುದನ್ನು ನೋಡಬೇಕಾದರೆ ಔರಾದದ ಅಮರೇಶ್ವರ ಜಾತ್ರೆಯ ಜಂಗೀ ಕುಸ್ತಿಗೆ ಬರಲಿ. ಎಳೆಯ ಪೋರರ ತೆಂಗಿನಕಾಯಿ ಪಣದ ಜೋಡಿಗಳಿಂದ ಮೊದಲಾಗಿ, ಹಲಗಿಯ ಬಡಿತ ಏರಿದಂತೆ ಪಣವೂ ಏರಿ, ಹೊತ್ತು ಮುಳುಗುವ ವೇಳೆಗೆ ಬೆಳ್ಳಿಯ ಕಡಗಕ್ಕೆ ನಿಲ್ಲುವ ಆ ಕಣದ ಸುತ್ತ, ಮರದ ಮೇಲೆ, ಮಾಳಿಗೆಯ ಮೇಲೆ, ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಜನ. ಉದಗೀರದವರು, ನಾಂದೇಡದವರು, ತೆಲಂಗಾಣದವರು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕರಲ್ಲೂ ಶಿಳ್ಳೆ ಒಂದೇ. ಗೆದ್ದವನು ಮೈತುಂಬ ಮಣ್ಣು ಮೆತ್ತಿಕೊಂಡು ಬೊಗಸೆಯೊಡ್ಡಿ ಒಂದು ಸುತ್ತು ಬರುತ್ತಾನೆ, ಹತ್ತು ಇಪ್ಪತ್ತರ ಬೆವರಿನ ನೋಟುಗಳು ಅವನ ಅಂಗೈ ಸೇರುತ್ತವೆ.

ಅಂಥದೊಂದು ಸಂಜೆ, ಕಡಗ ತೊಟ್ಟ ಹುಡುಗನ ಕೈಯನ್ನು ಊರವರು ಎತ್ತಿ ಹಿಡಿದುದನ್ನು ಕಂಡು ಬಂದ ನಾನು, ಮರುದಿನ ಪತ್ರಿಕೆಯೊಂದನ್ನು ತೆರೆದೆ. ಜಾತ್ರೆಯು ವಿಜೃಂಭಣೆಯಿಂದ ಜರುಗಿತೆಂದು ಆರು ಸಾಲು. ವೇದಿಕೆಯ ಗಣ್ಯರ ಹೆಸರುಗಳು ಬಿರುದುಗಳ ಸಮೇತ ಒಂಬತ್ತು. ಕಡಗ ಗೆದ್ದವನು ‘ಪೈಲ್ವಾನನೊಬ್ಬ’. ಎದುರು ಪುಟದಲ್ಲಿ, ನಾಲ್ಕು ಅಂಕಣಗಳ ಅಗಲಕ್ಕೆ, ಒಬ್ಬ ಬ್ಯಾಟ್ಸ್‌ಮನ್ನನ ಹೊಸ ಕ್ಷೌರದ ಚಿತ್ರವಿತ್ತು.