ಏರುವವನಿಗೆ ದಾರಿ

ಬಸವನಗುಡಿಯವರಾದ ನಮಗೆ ಪರ್ವತವೆಂದರೆ ಬ್ಯೂಗಲ್ ರಾಕ್. ಘಟ್ಟವೆಂದರೆ ದೊಡ್ಡ ಬಸವಣ್ಣನ ಗುಡಿಯ ಏರು. ಆ ಏರಿನಲ್ಲಿ ಸಿಟಿ ಬಸ್ಸು ಒಮ್ಮೆ ನರಳಿತೆಂದರೆ, ನಿಂತ ಪ್ರಯಾಣಿಕರೆಲ್ಲ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಾರೆ. ಇಂತಹವರ ಮನೆಯ ಮಕ್ಕಳೂ ಈಗ ಬೆನ್ನಿಗೊಂದು ಚೀಲವೇರಿಸಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳವರೆಗೆ ಹೋಗಿಬರುತ್ತಾರೆ. ಹಿಂದಿರುಗಿದವರು ಹೇಳುವ ಸಾಹಸಗಳಲ್ಲಿ ಬೊಲಿವಿಯದ ಯುಂಗಾಸ್ ರಸ್ತೆಯ ಮಾತು ಬಾರದೆ ಇರುವುದಿಲ್ಲ.

ಲಾ ಪಾಜ್ ನಗರದ ಕಡೆಯಿಂದ ಕೊರೊಯಿಕೊ ಎಂಬ ಊರಿನತ್ತ ಇಳಿಯುವ ದಾರಿ ಅದು. ೪೬೦೦ ಮೀಟರಿಗೂ ಮಿಕ್ಕ ಎತ್ತರದಿಂದ ಹೊರಟ ಪ್ರಯಾಣಿಕನು ಸುಮಾರು ೧೨೦೦ ಮೀಟರಿನವರೆಗೆ ಇಳಿಯಬೇಕು. ೧೯೩೦ರ ದಶಕದಲ್ಲಿ ಪರಾಗ್ವೆಯ ಯುದ್ಧಕೈದಿಗಳಿಂದ ಇದನ್ನು ಕಡಿಸಿದರು. ೧೯೮೩ರ ಜುಲೈ ತಿಂಗಳಲ್ಲಿ ಬಸ್ಸೊಂದು ಇಲ್ಲಿ ಪ್ರಪಾತಕ್ಕುರುಳಿ ನೂರಕ್ಕೂ ಹೆಚ್ಚು ಮಂದಿ ಮಡಿದರು. ೨೦೦೬ರಲ್ಲಿ ಬೇರೊಂದು ಹೆದ್ದಾರಿ ತೆರೆದ ಮೇಲೆ ಹಳೆಯ ದಾರಿಯಲ್ಲಿ ಓಡಾಡುವವರು ಹೆಚ್ಚಾಗಿ ಸೈಕಲ್ ಸವಾರರು.

ಈ ರಸ್ತೆಯಲ್ಲೊಂದು ವಿಚಿತ್ರ ಕಟ್ಟಳೆಯುಂಟು. ಬೊಲಿವಿಯದಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುವುದು ರೂಢಿ. ಇಲ್ಲಿ ಮಾತ್ರ ಎಡಬದಿ. ಎಡಗಡೆ ಕುಳಿತ ಚಾಲಕನು ತಲೆ ಹೊರಚಾಚಿ, ಪ್ರಪಾತದ ಅಂಚಿನಲ್ಲಿ ಉರುಳುವ ತನ್ನ ಚಕ್ರವನ್ನು ಕಣ್ಣಾರೆ ಕಾಣಬಹುದೆಂಬುದೇ ಇದರ ಕಾರಣ. ಆ ಅಂಚು ಇಳಿಯುವವನ ಪಾಲಿಗೆ. ಬೆಟ್ಟದ ಒಳಮಗ್ಗುಲು ಏರುವವನ ಪಾಲಿಗೆ. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಇಳಿಯುವವನೇ ಕಾದು ದಾರಿ ಬಿಡತಕ್ಕದ್ದು.

ಇದು ಪರದೇಶದ ಸೋಜಿಗವೆಂದು ವಾಚಕರು ಬಗೆಯಬೇಕಾಗಿಲ್ಲ. ಕಡಿದಾದ ಇಕ್ಕಟ್ಟಿನ ದಾರಿಯಲ್ಲಿ ಏರುವ ವಾಹನಕ್ಕೇ ಆದ್ಯತೆಯೆಂದು ನಮ್ಮ ದೇಶದ ರಸ್ತೆನಿಯಮಗಳೂ ವಿಧಿಸುತ್ತವೆ. ಅದರ ಅರ್ಥವನ್ನು ತಿಳಿಯಲು ಆಂಡೀಸಿನವರೆಗೆ ಹೋಗಬೇಕಾಗಿಯೂ ಇಲ್ಲ. ಉಡುಪಿಯಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸು ಹತ್ತಿದರೆ ಸಾಕು.

ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬಂದೊಡನೆ ಆಗುಂಬೆ ಘಾಟಿಯು ಎದುರಿಗೆ ನಿಲ್ಲುತ್ತದೆ. ಹೇರ್‌ಪಿನ್ ತಿರುವುಗಳು ಹದಿನಾಲ್ಕು. ಉದ್ದನೆಯ ಬಸ್ಸುಗಳು ಇಲ್ಲಿ ಹೊರಳಲಾರವಾದ್ದರಿಂದ ಮಿನಿ ಬಸ್ಸುಗಳೇ ಗತಿ. ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದೂ, ಭಾರಿ ವಾಹನಗಳಿಗೆ ನಿಷೇಧ ಬೀಳುವುದೂ ಅಲ್ಲಿಯವರಿಗೆ ಹೊಸತಲ್ಲ.

ಒಂದು ಆಷಾಢದಲ್ಲಿ ನಾನು ಹೆಗಲಚೀಲ ಹೊತ್ತು ಆ ಬಸ್ಸಿನಲ್ಲಿದ್ದೆ. ಎದುರಿನ ಆಸನದಲ್ಲಿ ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಮರಳುತ್ತಿದ್ದ ನಡುವಯಸ್ಸಿನ ರೈತರು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನವೂ ಆಗಿರಲಿಲ್ಲ. ಮಡದಿಯು ಮಡಿಸಿದ ಕಂಬಳಿಯೊಂದನ್ನು ಅವರ ಹೊಟ್ಟೆಗೆ ಒತ್ತಿಹಿಡಿದಿದ್ದರು. ಪ್ರತಿ ತಿರುವಿಗೂ ಅವರ ಕಣ್ಣು ಮುಚ್ಚುತ್ತಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಿಟಕಿಯಾಚೆ ಕಣಿವೆಯಿದೆಯೆಂಬುದನ್ನು ನಂಬಿಕೆಯಿಂದಷ್ಟೇ ತಿಳಿಯಬೇಕಾಗಿತ್ತು.

ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ, ಬಸ್ಸು ರಸ್ತೆಯ ಪೂರ್ಣ ಅಗಲವನ್ನು ಬಳಸಿ ಹೊರಳುತ್ತಿದ್ದಾಗ ಮೇಲಿನಿಂದ ಕಾರೊಂದು ಧಾವಿಸಿ ಬಂದು ಅಡ್ಡ ನಿಂತಿತು. ಚಾಲಕರು ಬ್ರೇಕನ್ನು ಒತ್ತಿದರು. ಏರಿನಲ್ಲಿ ನಿಂತ ಬಸ್ಸು ಮತ್ತೆ ಹೊರಡುವ ಮೊದಲು ಅಂಗುಲವಾದರೂ ಹಿಂದಕ್ಕೆ ಜರುಗುತ್ತದೆ. ಹಿಂದೆ ಇದ್ದುದು ಗಿಡ್ಡ ಮೋಟುಗೋಡೆ, ಅದರಾಚೆ ಮಂಜು. ಕಂಡಕ್ಟರು ಯಾರ ಅಪ್ಪಣೆಗೂ ಕಾಯದೆ ಜಿಗಿದು, ಹಿಂಗಾಲಿಗೆ ಕಲ್ಲು ಕೊಟ್ಟು, ಕಾರಿನ ಬಳಿಗೆ ನಡೆದರು.

“ಹತ್ತುವ ಗಾಡಿಗೆ ದಾರಿ ಬಿಡಬೇಕು ಮಾರಾಯ್ರೆ. ಒಳಗೆ ಹೊಲಿಗೆ ಹಾಕಿಸಿಕೊಂಡವರು ಇದ್ದಾರೆ,” ಎಂದರು. ಗದರಲಿಲ್ಲ, ಬೇಡಲೂ ಇಲ್ಲ. ಕಾರು ಹಿಂದಕ್ಕೆ ಸರಿಯಿತು. ಕಲ್ಲು ತೆಗೆದು ಬದಿಗಿಟ್ಟರು; ಬಸ್ಸು ನರಳುತ್ತ ಏರಿತು. ಆ ತಾಯಿ ಮಾತ್ರ ಆಗುಂಬೆ ಬರುವವರೆಗೂ ಕಂಬಳಿಯ ಹಿಡಿತವನ್ನು ಸಡಿಲಿಸಲಿಲ್ಲ.

ಚೀಲ ಹೊತ್ತು ಹೋದ ನಮ್ಮಂತಹವರಿಗೆ ಇದೊಂದು ಸಾಹಸ. ನಾಲ್ಕು ಜನರೆದುರು ಹೇಳಿಕೊಳ್ಳುವ ಕಥೆ. ತೀರ್ಥಹಳ್ಳಿ, ಶೃಂಗೇರಿಯ ಕಡೆಯ ಎಷ್ಟೋ ಮನೆಗಳಿಗೆ ಅದು ದೊಡ್ಡಾಸ್ಪತ್ರೆಯ ದಾರಿ. ಅಲ್ಲಿ ದಿನವೂ ಬಸ್ಸು ನಡೆಸುವವರಿಗೆ ಅದೊಂದು ಉದ್ಯೋಗ. ಇಳಿಯುವವನು ತುಸು ಹೊತ್ತು ಕಾಯುವುದರಿಂದ ಅವನು ಕಳೆದುಕೊಳ್ಳುವುದು ಎರಡು ನಿಮಿಷ; ಏರುವವನನ್ನು ತಡೆದರೆ ಕಳೆದುಹೋಗಬಹುದಾದುದಕ್ಕೆ ಲೆಕ್ಕವಿಲ್ಲ. ಬೊಲಿವಿಯದವರೂ ನಮ್ಮವರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಕಟ್ಟಳೆಗೆ ಬಂದುದರ ಗುಟ್ಟು ಇಷ್ಟೇ.

ಬರುವ ರಜೆಯಲ್ಲಿ ನಮ್ಮ ಬಡಾವಣೆಗಳಿಂದ ಎಷ್ಟೋ ಸಂಸಾರಗಳು ಸ್ವಂತ ಕಾರುಗಳಲ್ಲಿ ಘಟ್ಟ ಇಳಿಯಲಿವೆ. ಕೆಳಗಿನ ತಿರುವಿನ ಮಂಜಿನಲ್ಲಿ ಎರಡು ಹಳದಿ ದೀಪಗಳು ಕಂಡರೆ, ದಯಮಾಡಿ ಮೇಲೆಯೇ ನಿಲ್ಲಿ. ಆ ದೀಪಗಳ ಹಿಂದೆ ಯಾರಾದರೊಬ್ಬರು ಕಂಬಳಿ ಹಿಡಿದು ಕುಳಿತಿರಬಹುದು.